ಬೆಲ್ಟು ಹಾಯುವ ದಾರಿ

ರಬ್ಬರು ಸುಟ್ಟ ವಾಸನೆ ಬಂದರೆ ನಾನು ಇಂದಿಗೂ ಗಡಿಯಾರ ನೋಡುತ್ತೇನೆ.

ನಾನಾಗ ಐದನೇ ಕ್ಲಾಸು. ಅಕ್ಕನಿಗೆ ಶಹಾಪುರದಲ್ಲಿ ನರ್ಸಿಂಗ್ ಪ್ರವೇಶ ಪರೀಕ್ಷೆ. ಹತ್ತಕ್ಕೆ ಗೇಟು ಮುಚ್ಚುತ್ತಿತ್ತು. ದೇವಾಪುರ ದಾಟುತ್ತಲೇ ಅಪ್ಪನ ಪಿಕಪ್ಪಿನ ಎಂಜಿನ್ ಬೆಲ್ಟು ಹರಿಯತೊಡಗಿ ಕಿರುಚಿತು. ಹೊಸ ಬೆಲ್ಟು ಸೀಟಿನ ಕೆಳಗಿತ್ತು. ಹಳೆಯದು ಬಿಚ್ಚಲು ಬರಲಿಲ್ಲ. ಅಪ್ಪ ಕುಡುಗೋಲು ತೆಗೆದ.

"ಕೋಳಿ ದಿನಾ ಎಷ್ಟು ತತ್ತಿ ಇಟ್ಟಾವ ಅಂತನೂ ಬರಕೊಂತಿ. ಇದು ಹ್ಯಾಂಗ ಸುತ್ತಿ ಹೋಗ್ಯಾದ ಬರಕೋ," ಎಂದ ನನಗೆ.

ನಾನು ಡೈರಿಯಲ್ಲಿ ಬರೆದೆ: ಬೆಲ್ಟು ಸುತ್ತಿದ ಗಾಲಿ ಆರು, ಬೆಲ್ಟಿನ ಗೀರು ಆರು, ಸಮಯ ಎಂಟೂ ಐವತ್ತು. ಅಪ್ಪ ಬೆಲ್ಟು ಕೊಯ್ದ.

ಹೊಸದನ್ನು ಹೇಗೆ ಸುತ್ತಿದರೂ ಒಮ್ಮೆ ಸಡಿಲ, ಒಮ್ಮೆ ಗಿಡ್ಡ.

"ಈ ಗಾಲಿಗಿ ಮ್ಯಾಲಿಂದೋ, ಕೆಳಗಿಂದೋ? ಹೇಳ ಬೇ!"

ನನ್ನ ಹಾಳೆಯಲ್ಲಿ ಅದು ಇರಲಿಲ್ಲ.

ಅಕ್ಕ ರಸ್ತೆಗಿಳಿದು ಕೈ ಮಾಡಿದಳು. ಏಳು ಗಾಡಿ ಹೋದವು, ಒಂದೂ ನಿಲ್ಲಲಿಲ್ಲ. ಅದನ್ನೂ ಬರೆದೆ.

ಹತ್ತೂವರೆಗೆ ಅವಳೇ ಬಂದು ಬಾನೆಟ್ಟಿನೊಳಗೆ ಬಗ್ಗಿ ನೋಡಿ, ಹಾಲ್ ಟಿಕೆಟ್ಟಿನ ಹಿಂದೆ ಬೆಲ್ಟು ಹಾಯುವ ದಾರಿಯ ಗೆರೆ ಎಳೆದಳು. "ಅಪ್ಪಾ, ಆ ಸಣ್ಣ ಗಾಲಿಗಿ ಕೆಳಗಿಂದ ಹಾಕು."

ಬೆಲ್ಟು ಕೂತಿತು. ಎಂಜಿನ್ ಕಿರುಚದೆ ತಿರುಗಿತು.

ಅಪ್ಪ ಹತ್ತಿ ಕೂತು ಸ್ಟೇರಿಂಗ್ ಹಿಡಿದ. "ಈಗ ಎಲ್ಲಿಗಿ ಹೊಡೀಲಿ, ಯವ್ವಾ?"

ಅಕ್ಕ ಪೆನ್ನಿಗೆ ಮುಚ್ಚಳ ಹಾಕಿದಳು.