ಚರಿಗೆಯೊಳಗಿನ ಹೆಸರು

ಮೆಣಸಿನಕಾಯಿ ಸುಗ್ಗಿ ಭರದಲ್ಲಿತ್ತು. ಬ್ಯಾಡಗಿ ಪೇಟೆಗೆ ಹೋಗಬೇಕಾದ ಕಾಯಿಯ ತೊಟ್ಟು ಬಿಡಿಸುತ್ತಿದ್ದ ಗುತ್ತೆವ್ವ, ಕೆಲಸ ಅರ್ಧಕ್ಕೆ ಬಿಟ್ಟು ಪಂಚಾಯ್ತಿಗೆ ಬಂದಿದ್ದಳು. ಬೆರಳುಗಳು ಇನ್ನೂ ಉರಿಯುತ್ತಿದ್ದವು. ಅಧ್ಯಕ್ಷಗಿರಿಗೆ ಸದಸ್ಯರ ಮತ ಅವಳಿಗೂ ಆರು, ಚನ್ನವೀರಗೌಡನಿಗೂ ಆರು. ಅಧಿಕಾರಿಗಳು ಇಬ್ಬರ ಹೆಸರನ್ನೂ ಚೀಟಿಯಲ್ಲಿ ಬರೆದು, ಹಿತ್ತಾಳೆ ಚರಿಗೆಗೆ ಹಾಕಿ ಕುಲುಕಿ, ಒಂದನ್ನು ಎತ್ತಿದರು. ಬಂದದ್ದು ಗುತ್ತೆವ್ವನ ಹೆಸರು.

ಪಂಚಾಯ್ತಿಯ ಕೀಲಿಕೈ ಹತ್ತು ವರ್ಷದಿಂದ ಗೌಡನ ಉಡಿದಾರದಲ್ಲಿತ್ತು. ಒಂದು ದಾಖಲೆ ಬೇಕೆಂದರೂ ಜನ ಅವನ ಅಂಗಳದಲ್ಲಿ ಚಪ್ಪಲಿ ಬಿಟ್ಟು ನಿಲ್ಲಬೇಕು. ಆ ಕೀಲಿಕೈ ಬಿಡಿಸಿ ತರುತ್ತೇನೆಂದೇ ಗುತ್ತೆವ್ವ ಚುನಾವಣೆಗೆ ನಿಂತದ್ದು. ಗೌಡ ಈಗಲೂ ಅದನ್ನು ಬಿಚ್ಚಲಿಲ್ಲ.

“ಗೆದ್ದಾಕಿ ನೀನಲ್ಲ ಗುತ್ತೆವ್ವ, ಈ ಚರಿಗಿ. ಕುರ್ಚಿ ಮ್ಯಾಲೆ ಇದನ್ನ ಕುಂಡ್ರಸೂಣು,” ಎಂದು ನಕ್ಕ. “ಧೈರ್ಯ ಇದ್ರ ಇನ್ನೊಮ್ಮೆ ಎತ್ತಸು.”

“ಮನಿಮನಿ ತಿರುಗಿ ಆರು ಮತ ಕೂಡಿಸಿದಾಕಿ ನಾನರೀ. ಇಲ್ಲಂದ್ರ ನನ್ನ ಚೀಟಿ ಚರಿಗಿಗೇ ಬೀಳತಿರಲಿಲ್ಲ. ಉಳಿದದ್ದು ನಸೀಬ, ಖರೇನ.” ಗುತ್ತೆವ್ವ ಸೆರಗಿಗೆ ಕೈ ಒರೆಸಿಕೊಂಡಳು. “ನೀವು ಗೌಡರ ಮನ್ಯಾಗ ಹುಟ್ಟಿದ್ದು ಯಾವ ಚರಿಗ್ಯಾಗಿನ ಚೀಟಿ ಎತ್ತಿ ರೀ? ಅದನ್ನೂ ಇನ್ನೊಮ್ಮೆ ಎತ್ತಸೂಣೇನು?”

ಗೌಡನ ಕಡೆಯವರಲ್ಲೇ ಯಾರೋ ಕಿಸಕ್ಕನೆ ನಕ್ಕರು. ಗುತ್ತೆವ್ವ ನಗಲಿಲ್ಲ. ಮೆಣಸಿನಕಾಯಿಗೆ ಕೆಂಪಾದ ಅಂಗೈಯನ್ನು ಅವನ ಮುಂದೆ ಚಾಚಿದಳು. ಕೀಲಿಕೈ ಅದರಲ್ಲಿ ಬೀಳುವವರೆಗೂ ಹಿಂದಕ್ಕೆಳೆಯಲಿಲ್ಲ.