ತಗಡಿಗೊಂದು ರಜಾಯಿ

ಹಳೆಯ ಹಾಸಿಗೆ ಬಿಚ್ಚಿದಾಗ ಏಳುವ ಹತ್ತಿಯ ವಾಸನೆ ಮೂಗಿಗೆ ಬಡಿದರೆ, ಈಗಲೂ ನನಗೆ ಶಿರಾದಲ್ಲಿದ್ದ ಅಮ್ಮನ ಹೊಲಿಗೆ ಅಂಗಡಿ ನೆನಪಾಗುತ್ತದೆ.

ತಗಡಿನ ಚಾವಣಿಯ ಹಳೇ ಅಂಗಡಿ ಅದು. ಬೇಸಿಗೆಯಲ್ಲಿ ಹನ್ನೊಂದು ಗಂಟೆಗೇ ಒಳಗೆ ಕೂರಲಾಗದಷ್ಟು ಕಾಯುತ್ತಿತ್ತು. ಆ ವರ್ಷ ಅಮ್ಮ ಸೋತು, ಅಂಗಡಿಯನ್ನೇ ಬಿಟ್ಟುಬಿಡುವ ಮಾತಾಡಿದಳು. ಪಕ್ಕದಲ್ಲಿ ಹಾಸಿಗೆ ಹೊಲಿಯುತ್ತಿದ್ದ ಜರೀನಾ ಖಾಲಾಗೆ ಅದು ಕೇಳಿಸಿತು.

"ಬುಡೋದ್ಯಾಕಮ್ಮ? ತಗಡಿಗೊಂದು ರಜಾಯಿ ಹೊಲ್ದುಬುಡಾಣ," ಎಂದಳು.

"ಇಂಥಾ ಬಿಸಿಲಲ್ಲಿ ರಜಾಯಿನಾ? ಬೆಂದೋಗ್ತೀವಿ ಕಣಮ್ಮ!" ಅಮ್ಮನಿಗೆ ನಗು ತಡೆಯಲಾಗಲಿಲ್ಲ.

"ಹೊದ್ಕಳ್ಳೋದು ತಗಡು, ನಾವಲ್ಲ. ಬಿಸಿಯೆಲ್ಲ ಹತ್ತಿ ಮೇಲೇ ನಿಂತ್ಕತ್ತದೆ, ನೋಡ್ತಿರು."

ಭಾನುವಾರ ಬೆಳಗ್ಗೆಯೇ ಇಬ್ಬರೂ ಅಮ್ಮನ ಹಳೇ ಸೀರೆಗಳನ್ನು ಜೋಡಿಸಿ ಹೊಲಿಯಲು ಕೂತರು. ಹಳೇ ಹಾಸಿಗೆಗಳಿಂದ ತೆಗೆದ, ಗಂಟುಗಟ್ಟಿದ ಹತ್ತಿಯನ್ನು ಹಿಂಜಿ ಕೊಡುವ ಕೆಲಸ ನನ್ನದು. ಸೀನಿ ಸೀನಿ ಕಣ್ಣಲ್ಲಿ ನೀರು ಬಂತು. ಹತ್ತಿ ತುಂಬಿದ ಮೇಲೆ ಖಾಲಾ ಮೇಜು ಹತ್ತಿ, ರಜಾಯಿಯನ್ನು ತಗಡಿನ ಕೆಳಗೆ ತೊಲೆಯಿಂದ ತೊಲೆಗೆ ಹಗ್ಗ ಬಿಗಿದು ಕಟ್ಟಿದಳು. ತಲೆ ಎತ್ತಿದರೆ ಅಮ್ಮನ ಹಳದಿ ಸೀರೆಯ ಹೂಗಳು ಕಾಣುತ್ತಿದ್ದವು.

ಮಧ್ಯಾಹ್ನ ಊಟ ಮುಗಿಸಿ ಬಂದಾಗ ಅಂಗಡಿಯೊಳಗೆ ಹುಣಸೆ ಮರದ ನೆರಳಲ್ಲಿ ನಿಂತಂತಿತ್ತು. ಅಮ್ಮ ಯಂತ್ರದ ಮುಂದೆ ಕೂತು ಹೊಲಿಯತೊಡಗಿದಳು.

"ನಾನೇಳ್ಲಿಲ್ವಾ?" ಎನ್ನುತ್ತ ಖಾಲಾ ಗೋಡೆಗೆ ಒರಗಿದಳು. ಮರುಗಳಿಗೆಯಲ್ಲೇ ಗೊರಕೆ ಶುರುವಾಯಿತು.

ಅಮ್ಮ ಯಂತ್ರ ನಿಲ್ಲಿಸಿದಳು. ನನ್ನತ್ತ ತಿರುಗಿ ತುಟಿಯ ಮೇಲೆ ಬೆರಳಿಟ್ಟು, ಖಾಲಾ ಏಳುವವರೆಗೂ ರವಿಕೆಗಳ ಗುಂಡಿಗಳನ್ನು ಕೈಯಲ್ಲೇ ಹೊಲಿಯುತ್ತ ಕೂತಳು.