ಅಣ್ಣ ಹೆದೆ ಬಿಡುತ್ತಿದ್ದ ಬಗೆ

ಮೂರು ಬೆರಳಿಗೆ ಹೆದೆ ಸಿಕ್ಕಿಸಿ ಉಬಾಲ್ದೊ ಬಿಟ್ಟ ಎರಡನೆಯ ಬಾಣವೂ ತಾಳೆಮರದ ತುದಿಯ ಕೋತಿಯನ್ನು ಸವರಿಕೊಂಡು ಹೋಯಿತು. ಕೆಳಗೆ ಬುಟ್ಟಿ ಹಿಡಿದು ನಿಂತಿದ್ದ ಅತ್ತಿಗೆ ಬೆನೀತಾ, "ಅದು ಮುದಿಯಾಗಿ ತಾನೇ ಉದುರ್ಲಿ ಅಂತ ಕಾಯ್ತಿದ್ದೀಯೇನೋ ಮೈದುನ?" ಎಂದಳು. ಮೂರು ದಿನದಿಂದ ಅವಳ ಮಕ್ಕಳ ಹೊಟ್ಟೆಗೆ ಬರೀ ಮರಗೆಣಸು.

ಉಳಿದದ್ದು ಒಂದೇ ಬಾಣ. ಅಣ್ಣನಾದರೆ ಹೆಬ್ಬೆರಳು, ತೋರುಬೆರಳುಗಳಲ್ಲಿ ಬಾಣದ ಬುಡವನ್ನು ಚಿವುಟಿ ಎಳೆದು ಬಿಡುತ್ತಿದ್ದ, ಗುರಿ ತಪ್ಪುತ್ತಿರಲಿಲ್ಲ. ಅವನು ಸತ್ತ ಮೇಲೆ ಬೇನಿ ನದಿ ಕಡೆಯ ಕಾಡಿನ ಅವರ ಜನ ಅವನ ಹೆಸರನ್ನೂ ಎತ್ತಿರಲಿಲ್ಲ, ಆ ಬಗೆಯಲ್ಲಿ ಬಾಣವನ್ನೂ ಬಿಟ್ಟಿರಲಿಲ್ಲ. ಹೆಸರಿಂದಲೋ ಹೆದೆಯಿಂದಲೋ ಕರೆದರೆ ಸತ್ತವರು ಬಂದುಬಿಡುತ್ತಾರೆ. ಉಬಾಲ್ದೊ ಮಕ್ಕಳನ್ನು ನೆನೆದು, ಬಾಣವನ್ನು ಚಿವುಟಿ ಹಿಡಿದ.

ಹೆದೆ ಟುಂಯ್ ಎಂದಿತು, ಥೇಟ್ ಅಣ್ಣನ ಹೆದೆಯ ಹಾಗೆ. ಕೋತಿ ದೊಪ್ಪೆಂದು ಬೆನೀತಾಳ ಕಾಲ ಬಳಿಯೇ ಬಿತ್ತು. ಅವಳು ಅದನ್ನು ನೋಡಲಿಲ್ಲ. ಗಂಡನ ಬಾಣ ನಾಟಿದಾಗಲೆಲ್ಲ ತಾನು ಹಾಕುತ್ತಿದ್ದ ಸಿಳ್ಳೆ ಅವಳ ಬಾಯಿಂದ ಹೊರಟುಬಿಟ್ಟಿತ್ತು. ಕಣ್ಣು ಉಬಾಲ್ದೊನ ಹೆಗಲಾಚೆ ಯಾರನ್ನೋ ಹುಡುಕುತ್ತಿತ್ತು.

"ತಪ್ಪಾಯ್ತು ಅತ್ತಿಗೆ," ಎಂದ ಉಬಾಲ್ದೊ.

"ಬಾಣ ಕಿತ್ತು ಕೊಡ್ತೀನಿ. ಇನ್ನೊಂದ್ಸಲ ಬಿಡು."

"ಮರದಲ್ಲಿ ಏನೂ ಇಲ್ವಲ್ಲ."

"ಗೊತ್ತು ಕಣೋ. ಬಿಡು."